ಇನ್ನೂರ ಏಳನೆಯದು

ಕರೆಂಟು ಹೋದ ರಾತ್ರಿ ಲ್ಯಾಪ್‌ಟಾಪ್ ಹೊತ್ತು
ಮಲ್ಪೆಯ ಐಸ್ ಪ್ಲಾಂಟಿಗೆ ಬರುತ್ತೇನೆ.
ಇಲ್ಲಿ ಜನರೇಟರ್ ಇದೆ, ಗಿರಿಧರ ಮಾವ ಇದ್ದಾರೆ,
ಮೂಗಿಗೆ ಅಮೋನಿಯಾ, ಕೈಗೆ ಸಕ್ಕರೆಯಿಲ್ಲದ ಚಾ.
ಮುನ್ನೂರ ಹನ್ನೊಂದು ಗೆಲಾಕ್ಸಿಗಳ ಬೆಳಕು
ಪರದೆಯ ಮೇಲೆ ಗೆರೆಗೆರೆಯಾಗಿ ಬಿಚ್ಚಿಕೊಂಡಿದೆ.

‘ಇದರಲ್ಲಿ ಹುಡುಕುವುದೇನು?’
ನಡುವಿನ ಕಪ್ಪುಕುಳಿ ಉಣ್ಣುತ್ತಿದೆಯೋ, ಉಪವಾಸವೋ;
ಸುತ್ತ ನಕ್ಷತ್ರ ಹುಟ್ಟುತ್ತಿವೆಯೋ, ನಿಂತವೋ.
ಒಂದಕ್ಕೂ ಇನ್ನೊಂದಕ್ಕೂ ನಂಟಿದೆಯೋ.

ನಕ್ಷತ್ರ ಬೆಂಕಿಯಿಂದ ಹುಟ್ಟುವುದಲ್ಲ ಮಾವ.
ಅನಿಲ ತಣಿಯಬೇಕು, ತಣಿದು ತಣಿದು
ತನ್ನ ಭಾರಕ್ಕೆ ತಾನೇ ಕುಸಿಯಬೇಕು.
ಮಾವ ಗ್ಲಾಸು ಕೆಳಗಿಟ್ಟರು:
‘ಹಾಗಾದರೆ ಮೇಲೆಯೂ ಐಸಿನದೇ ವ್ಯಾಪಾರ.’

ಹೌದು. ಮತ್ತು ಒಂದೇ ಬುಟ್ಟಿಯ ಬಂಗುಡೆ:
ಅದೇ ತಂಪು ಅನಿಲ ಕುಳಿಗೂ ಊಟ, ನಕ್ಷತ್ರಕ್ಕೂ ಬಸಿರು.
ಕುಳಿಯೋ, ತಿಂದದ್ದಕ್ಕಿಂತ ಚೆಲ್ಲಿದ್ದೇ ಹೆಚ್ಚು.
ಚೆಲ್ಲಿದ್ದೆಲ್ಲ ಬೆಳಕು, ಬಿಸಿಗಾಳಿ.
ಮಲ್ಪೆಯ ಧಕ್ಕೆಯಲ್ಲೊಂದು ಸಾಸಿವೆ ಇದೆಯೆನ್ನಿ,
ಅದು ತೇಗಿದರೆ
ಕಾಸರಗೋಡಿನಿಂದ ಭಟ್ಕಳದ ತನಕ
ಯಾವ ಮನೆಯ ಒಲೆಯೂ ಹತ್ತುವುದಿಲ್ಲ.
ಗಾತ್ರದ ಲೆಕ್ಕ ಅಷ್ಟೇ.

ಮಾವ ನಗಲಿಲ್ಲ. ಮೀಟರಿನ ಮುಳ್ಳು ನೋಡಿ ಬಂದರು.
ಕ್ರಷರಿಗೆ ಒಂದು ಗಡ್ಡೆ ಬಿತ್ತು,
ಮೇಜು, ಚಾ, ಗೆಲಾಕ್ಸಿ, ಎಲ್ಲ ನಡುಗಿದವು.

ಎಲ್ಲವೂ ಹಾಗೆಯೇ ಇದ್ದಿದ್ದರೆ
ನನ್ನ ಪ್ರಬಂಧ ಡಿಸೆಂಬರಿನಲ್ಲೇ ಮುಗಿಯುತ್ತಿತ್ತು.
ಇನ್ನೂರ ಏಳನೆಯದು ಒಪ್ಪುವುದಿಲ್ಲ.
ಅದರ ಕುಳಿ ಹೊಟ್ಟೆಬಾಕ, ಗಾಳಿ ಭೀಕರ,
ಆದರೂ ಆ ಗಾಳಿ ಹೋಗಿ ಬಡಿದ ಅಂಚಿನಲ್ಲಿ
ಎಳೆಯ ನಕ್ಷತ್ರಗಳ ನೀಲಿ ಸಾಲು.
ನಾಲ್ಕು ಸಲ ಲೆಕ್ಕ ಹಾಕಿದೆ. ನಾಲ್ಕು ಸಲವೂ ನೀಲಿ.
ನನ್ನ ಗೈಡ್ ಹೇಳುತ್ತಾರೆ, ಅದೊಂದನ್ನು ಬಿಟ್ಟುಬಿಡು ಅಂತ.

‘ಬಾ ಇಲ್ಲಿ.’ ಟಾರ್ಚು ಹಿಡಿದು ಹಿತ್ತಲಿಗೆ ನಡೆದರು.
ಒಳಗೆ ತಂಪು ಮಾಡುವುದೆಂದರೆ
ಬಿಸಿಯನ್ನು ಹೊರಗೆ ಎಲ್ಲಿಯಾದರೂ ಎಸೆಯಲೇಬೇಕು.
ಕಂಡೆನ್ಸರಿನ ಬುಡದಲ್ಲಿ ನೆಲ ಬಿಳಚಿ ಸತ್ತಿತ್ತು,
ಹುಲ್ಲುಗರಿಯಿಲ್ಲ.
ಬಿಸಿನೀರು ಹರಿದು ಎರಡು ಮಾರು ಹೋಗಿ
ಆರಿ ನಿಂತಲ್ಲಿ
ಕಸ ಗುಡಿಸುವ ಅಪ್ಪಿ ಯಾವಾಗಲೋ ಊರಿದ ಬಸಳೆ
ಶೀಟಿನ ಮಾಡು ಹತ್ತಿ ಕೂತಿತ್ತು,
ಹೆಬ್ಬೆರಳ ದಪ್ಪದ ದಂಟು.

‘ಬಿಸಿ ಇದನ್ನು ಬೆಳೆಸಿತೋ,
ಅಥವಾ ಬಿಸಿ ಇದ್ದರೂ ಬೆಳೆಯಿತೋ?’ ಮಾವ ಕೇಳಿದರು.
ಗೊತ್ತಿಲ್ಲ ಎಂದೆ.
ಅದೇ ನನ್ನ ಪ್ರಶ್ನೆ ಅಂತ ಹೇಳಲಿಲ್ಲ.

ನಾಲ್ಕು ದಂಟು ಮುರಿದು ಪೇಪರಿನಲ್ಲಿ ಸುತ್ತಿ ಕೊಟ್ಟರು:
‘ಬೆಳಿಗ್ಗೆ ಮರುವಾಯಿ ಸಿಕ್ಕಿದರೆ ಅಮ್ಮನಿಗೆ ಹೇಳು.’
ಒಳಗೆ ಬಂದು ಕೂತೆ.
ಗ್ರಾಫಿನ ಗುಂಪಿನಿಂದ ದೂರ
ಒಂದೇ ಒಂದು ಚುಕ್ಕೆ.
ಅಳಿಸಲಿಲ್ಲ.