ಚಿಟಿಕೆ

ಮಕೋ ಊರಾಚೆ, ಮರೋಷ್ ನದಿಯ ದಂಡೆಯ
ಪುಡಿ ಕಾರ್ಖಾನೆಯಲ್ಲಿ
ನನ್ನದು ನಾಲಗೆಯ ಕೆಲಸ.
ಮಾತಿನದಲ್ಲ, ನೆಕ್ಕುವುದು.

ಬೆಳಗ್ಗೆ ಏಳಕ್ಕೆ ಬಿಳಿ ಕೋಟು, ತಲೆಗೆ ಬಲೆ.
ಮೇಜಿನ ಮೇಲೆ ಗಜ್ಜರಿ ಪುಡಿಯ ಎರಡು ಬಟ್ಟಲು:
ಎಡಗಡೆಯದು ಮನುಷ್ಯರ ಸೂಪಿಗೆ,
ಬಲಗಡೆಯದು ನಾಯಿಯ ಬಿಸ್ಕತ್ತಿಗೆ.
ಒಂದೇ ಹೊಲ, ಒಂದೇ ಲಾರಿ,
ಒಂದೇ ಬಿಸಿಗಾಳಿಗೆ ಬಾಡಿದ ಮೈ.
ಎಡಗಡೆಯದರ ಸಿಪ್ಪೆ ಹೆರೆದಿದ್ದಾರೆ.
ಬಲಗಡೆಯದರಲ್ಲಿ ಸಿಪ್ಪೆಯಿದೆ, ತೊಟ್ಟಿದೆ,
ಬಿಸಿಲು ತಾಗಿ ಹಸುರಾದ ನೆತ್ತಿಯ ಕಹಿಯೂ ಇದೆ.
ಭೂತಗನ್ನಡಿ ಹಿಡಿದರೆ
ಒಂದು, ಮದುಮಗಳ ಮುಖದ ಪೌಡರು;
ಇನ್ನೊಂದು, ಬಡಗಿಯ ಅಂಗಳ.
ಬೆಲೆಯಲ್ಲಿ ಮೂರು ಪಟ್ಟು ಅಂತರ.
ರುಚಿಯಲ್ಲಿ?
ಅದನ್ನು ಬರೆಯಲು ಫಾರಂನಲ್ಲಿ ಜಾಗವಿಲ್ಲ.

ಬೀಟ್‌ರೂಟಿನ ಕೆಂಪು ನಾಯಿಗೆ ಲೆಕ್ಕಕ್ಕಿಲ್ಲ,
ಅದು ಬಿಸ್ಕತ್ತು ಕೊಳ್ಳುವವನ ಕಣ್ಣಿಗೆ.
ಕುಂಬಳದ ಪುಡಿ ಸಭ್ಯಸ್ಥ,
ಎರಡು ಕಾಲಿನವರಿಗೂ ನಾಲ್ಕು ಕಾಲಿನವರಿಗೂ
ಹೊಟ್ಟೆ ಕೆಟ್ಟ ದಿನ ನೆನಪಾಗುತ್ತದೆ.
ಗಜ್ಜರಿಯ ಸಿಹಿಯೆಲ್ಲ ಬೆಕ್ಕಿನ ನಾಲಗೆಗೆ
ಕೋಣನ ಮುಂದಿನ ಕಿನ್ನರಿ.

ಮನುಷ್ಯರಿಗೆ ಒಂಬತ್ತು ಅಂಕದ ಹಾಳೆ.
ಲೆಕ್ಕಪತ್ರದ ಯುಡಿತ್ ಎಲ್ಲದಕ್ಕೂ ಏಳು ಕೊಡುತ್ತಾಳೆ,
ಯಾರ ಜೊತೆಗೂ ಜಗಳ ಬೇಡವೆಂದು.
ನಾಯಿಗಳಿಗೆ ಹಾಳೆಯಿಲ್ಲ.
ಎರಡು ತಟ್ಟೆ.
ಮೂಗು ಮೊದಲು ಎತ್ತ ಹೋಯಿತು,
ಕೊನೆಗೆ ತಟ್ಟೆಯಲ್ಲಿ ಎಷ್ಟು ಉಳಿಯಿತು, ಅಷ್ಟೇ.
ದಾಕ್ಷಿಣ್ಯಕ್ಕೆ ಬಸುರಾಗುವುದು
ನಮ್ಮ ಜಾತಿ ಮಾತ್ರ.

ಕಳೆದ ಬುಧವಾರ
ಬಲಗಡೆಯ ಬಟ್ಟಲಿಗೆ ಬೆರಳದ್ದಿದೆ.
ಸಿಹಿ. ಮಣ್ಣು. ಸ್ವಲ್ಪ ಮರ.
ಆಮೇಲೆ ಗಂಟಲ ಹಿಂದೆ ಯಾರೋ
ಸದ್ದಿಲ್ಲದೆ ಬಾಗಿಲು ತೆರೆದರು:
ಈರುಳ್ಳಿ.

ಮೇಲ್ವಿಚಾರಕ ರೆಜೋ ನಕ್ಕ:
'ನಿನ್ನ ಮೂಗಲ್ಲೇ ಇರಬೇಕು, ಎಟೆಲ್ಕಾ.'
ಇರಬಹುದು. ಈ ಊರಲ್ಲಿ
ಬಸ್ಸಿನ ಸೀಟಿಗೂ ಮದುವೆಯ ಕೋಟಿಗೂ
ನನ್ನ ತಲೆದಿಂಬಿಗೂ ಅದೇ ವಾಸನೆ.
ಬಾಯಿ ಮುಕ್ಕಳಿಸಿದೆ. ಸೇಬಿನ ಹೋಳು ಅಗಿದೆ.
ಹತ್ತು ನಿಮಿಷ ಕಿಟಕಿಯಾಚೆ ನೋಡುತ್ತ ನಿಂತೆ.
ಮತ್ತೆ ಬೆರಳು. ಮತ್ತೆ ಅದೇ ಬಾಗಿಲು.
ರಾತ್ರಿ ಪಾಳಿಯವರು ಈರುಳ್ಳಿ ಅರೆದು
ಯಂತ್ರಕ್ಕೆ ಬರೀ ಗಾಳಿ ಊದಿ ಮನೆಗೆ ಹೋಗಿದ್ದರು.

'ಎಷ್ಟಿದ್ದೀತು? ಒಂದು ಚಿಟಿಕೆ!' ಅಂದ ರೆಜೋ.

ಚಿಟಿಕೆ.
ನಮ್ಮ ಭಾಷೆಯಲ್ಲಿ ಚಿಪೆಟ್.
ನನ್ನ ನಾಯಿಗೆ ನಾನಿಟ್ಟಿದ್ದು ಅದೇ ಹೆಸರು,
ಅಂಗೈಯಲ್ಲಿ ಹಿಡಿಸುವಷ್ಟಿತ್ತು, ತಂದ ದಿನ.
ಒಂದು ಭಾನುವಾರ ಅದು
ಒಲೆಯ ಪಕ್ಕ ಇಳಿಸಿಟ್ಟ ಮಾಂಸದ ಪಾತ್ರೆಯಲ್ಲಿ
ಕರಗುವಷ್ಟು ಹುರಿದ ಈರುಳ್ಳಿಯ ಗಸಿಯನ್ನೆಲ್ಲ
ಫಳಫಳ ಹೊಳೆಯುವಂತೆ ನೆಕ್ಕಿತ್ತು.
ಜಾಣೆ, ನನಗೆ ತೊಳೆಯುವ ಕೆಲಸ ಉಳಿಸಿದೆ, ಅಂದಿದ್ದೆ.
ನಾಲ್ಕನೆಯ ದಿನ ಅದರ ವಸಡು
ಈ ಫಾರಂನಷ್ಟು ಬಿಳಿ.

ರೆಜೋಗೆ ಇದನ್ನೆಲ್ಲ ಹೇಳಲಿಲ್ಲ.
ಕೆಂಪು ಚೀಟಿ ಅಂಟಿಸಿದೆ, ಆರುನೂರು ಕಿಲೋಗೆ.
'ಸರಿ, ಎಡಗಡೆಗೆ ಸರಿಸು,' ಅಂದ,
'ಸೂಪಿಗೆ ಈರುಳ್ಳಿ ಅಂದರೆ ಪುಕ್ಕಟೆ ಒಗ್ಗರಣೆ.'
ಆದರೆ ಸಿಪ್ಪೆ ಇದೆ, ತೊಟ್ಟಿದೆ.
ನಾಯಿಗೆ ವಿಷ, ಮನುಷ್ಯರಿಗೆ ಕಸ.
ಇಪ್ಪತ್ತನಾಲ್ಕು ಚೀಲ
ಎರಡೂ ಗೋದಾಮಿನ ನಡುವಿನ ಓಣಿಯಲ್ಲಿ
ಸೀಮೆಸುಣ್ಣದ ಗೆರೆಯ ಮೇಲೆ ಕೂತವು,
ಯಾವ ಪಂಕ್ತಿಯಲ್ಲೂ ಎಲೆ ಹಾಕಿಸಿಕೊಳ್ಳದ ನೆಂಟರಂತೆ.
ನಾಳೆ ಯಾರದೋ ಹೊಲಕ್ಕೆ ಗೊಬ್ಬರವಾಗಿ ಹೋಗುತ್ತವೆ,
ಬೇಕಾದರೆ ಗಜ್ಜರಿಯ ಹೊಲಕ್ಕೇ.

ಸಂಜೆ ಒಂದು ಹಿಡಿ ಕೋಟಿನ ಜೇಬಲ್ಲಿ ತಂದೆ.
ಕಳವು ಅನ್ನಿ. ಬರೆದುಕೊಳ್ಳಿ.
ನೀರು ಕುದಿಸಿ, ಉಪ್ಪು ಹಾಕಿ, ಕದಡಿದೆ.
ತೊಟ್ಟಿನ ಕಹಿ, ಸಿಪ್ಪೆಯ ಮಣ್ಣು,
ಹಿಂದಿನಿಂದ ಸಣ್ಣಗೆ ಈರುಳ್ಳಿ.
ಏಳಲ್ಲ, ಯುಡಿತ್. ಒಂಬತ್ತು.

ಉಂಡು ಮುಗಿದ ಮೇಲೆ
ಅಭ್ಯಾಸದ ಕೈ ಪಾತ್ರೆಯನ್ನು ನೆಲಕ್ಕಿಳಿಸಿತು.
ಎತ್ತಿಕೊಂಡೆ.
ತಳವನ್ನು ನಾನೇ ಬೆರಳಲ್ಲಿ ಬಳಿದು ನೆಕ್ಕಿದೆ,
ಲೋಹದ ರುಚಿ ಬರುವ ತನಕ.