ಎರಡು ಮೊಳದ ಗೋಡೆ

ಕುಮಟೆಯ ಹಳೇ ಪೇಟೆಯಲ್ಲಿ
ಬಾಳಿಗರ ಕಲ್ಲುಮನೆ ಈಗ ಬ್ಯಾಂಕು.
ಮಂಗಳವಾರ, ಶುಕ್ರವಾರ ಅಲ್ಲಿ
ಚಿನ್ನ ಒರೆಗೆ ಹಚ್ಚಿ ಬೆಲೆ ಹೇಳುವವ ನಾನು, ರೇವಣಕರ.
ನನ್ನ ಮೇಜು ತುಳಸಿಕಟ್ಟೆ ಇದ್ದ ಜಾಗದಲ್ಲಿ:
ನೆಲದಲ್ಲಿನ್ನೂ ಚೌಕದ ಗುರುತು,
ಎಷ್ಟು ಒರೆಸಿದರೂ ಅಷ್ಟು ಸಿಮೆಂಟಿಗೆ ಬೇರೆ ಬಣ್ಣ.

ಗಿರಾಕಿ ಇಲ್ಲದಾಗ ಮನೆ ನೋಡುತ್ತೇನೆ. ಇನ್ನೇನು ಮಾಡಲಿ.
ಹತ್ತಿಯ ಅಂಡಿಗೆ ತೂಗುತ್ತಿದ್ದ ತೊಲೆಯ ಕೊಕ್ಕೆಗೆ
ಫ್ಯಾನು ನೇತುಹಾಕಿದ್ದಾರೆ,
ಭಾರ ಬಿದ್ದಂತೆ ಈಗಲೂ ನರಳುತ್ತದೆ.
ಲಾಕರ್ ಕೋಣೆ ಹಿಂದೆ ಬಾಣಂತಿ ಕೋಣೆ.
ಒಂದೇ ಕಿಂಡಿ, ಅದೂ ಬೆಕ್ಕು ನುಸುಳದಷ್ಟು;
ಒಳಗಿನ ಕೂಗು ಜಗಲಿಗೆ ಕೇಳದಂತೆ ಕಟ್ಟಿದ್ದು.
ಆಡಿಟಿಗೆ ಬಂದವರು ಗೋಡೆ ತಟ್ಟಿ
‘ಭದ್ರತೆ ಉತ್ತಮ’ ಎಂದು ಬರೆದುಕೊಂಡು ಹೋದರು.

ಬಾಗಿಲವಾಡ ಗಿಡ್ಡ.
ವಿಜಾಪುರದಿಂದ ಬಂದ ಮ್ಯಾನೇಜರು
ಮೂರು ಸಲ ಹಣೆ ಬಡಿಸಿಕೊಂಡು
ಈಗ ದೇವರ ಮುಂದೆ ನಿಂತವರಂತೆ ಬಾಗಿ ಬರುತ್ತಾರೆ.
ಕಟ್ಟಿಸಿದ ಯಜಮಾನನಿಗೆ ಬೇಕಿದ್ದದ್ದೂ ಅದೇ ಇರಬೇಕು.

ಮೊನ್ನೆ ಏಸಿಯ ಪೈಪಿಗೆಂದು ಗೋಡೆ ಕೊರೆದರು.
ಎರಡು ಮೊಳ ದಪ್ಪ ಚಿರೇಕಲ್ಲು.
ಎರಡು ದಿನ, ಮೂರು ಬಿಟ್ಟು ಮುರಿದವು.
ಕೊನೆಗೆ ಆಚೆ ಬೀದಿ ಕಂಡಿತು, ಬಳೆಯಷ್ಟು.
ಕೆಂಪು ಧೂಳು, ಬಿಳಿ ಧೂಳು,
ನನ್ನ ತಕ್ಕಡಿ ನಾಲ್ಕು ಸಲ ಒರೆಸಿದೆ.

ಆಗ ಬಂದವಳು ಮಂಕಾಳಿ ಅಂಬಿಗ,
ಸೆರಗಿನ ಗಂಟಿನಲ್ಲಿ ಜೋಡಿ ಬುಗುಡಿ.
ಮೇಜಿಗೆ ಬರುವ ಮೊದಲು ತೂತಿನ ಹತ್ತಿರ ನಿಂತಳು,
ಗಾರೆಯಲ್ಲಿ ಉಗುರು ತೂರಿಸಿ ಏನನ್ನೋ ಕಿತ್ತಳು:
“ಬಳಚಲ್ರಾ ಇದು! ನಮ್ಮ ಹೊಳೇದು.
ಗೂಡಲ್ಲಿ ಸಮ ಬೆಂದಿಲ್ಲ ನೋಡಿ.
ನಮ್ಮಜ್ಜಿಯ ಅಜ್ಜಿ ಹೊತ್ತದ್ದೇ ಆಗೂಕೂ ಸಾಕು.
ಹಿಂದಿನ ಬಾಗಿಲಲ್ಲಿ ಸುರಿಯೂದಂತೆ,
ಹೇಡಿಗೆ ಚಿಪ್ಪಿಗೆ ಸಿದ್ದೆ ಅಕ್ಕಿ.”

ನಾನು ಬುಗುಡಿ ತೂಗಿದೆ.
ಫಾರ್ಮಿನಲ್ಲಿ ಒಂದು ಸಾಲಿದೆ:
ಕಲ್ಲು, ಅರಗು, ಇತರೆ ಕಳೆದು ನಿವ್ವಳ.
ಕಳೆದೆ. ಅವಳು ಚೌಕಾಸಿ ಮಾಡಲಿಲ್ಲ,
ಚಿಪ್ಪಿನ ಚೂರನ್ನೂ ತಟ್ಟೆಗಿಟ್ಟು ನಕ್ಕಳು:
“ಇದಕ್ಕೆಷ್ಟು ಕೊಡ್ತ್ರಿ?”
ಮುಳ್ಳು ಅಲುಗಿತು, ಕೂದಲೆಳೆಯಷ್ಟು.
ನನ್ನ ಬಳಿ ಆ ಸಾಲಿಗೆ ಅಂಕೆ ಇರಲಿಲ್ಲ.

ಸಂಜೆ ಗಾರೆಯವ ಬಂದು ಪೈಪಿನ ಸುತ್ತ ಸಿಮೆಂಟು ಮೆತ್ತಿದ.
ಚೂರು ಅವಳ ಎಲೆಸಂಚಿಗೆ ಹೋಗಿತ್ತು, ಸುಣ್ಣದ ಡಬ್ಬಿಯ ಪಕ್ಕ.
ಮುಂದಿನ ಬಾಗಿಲಿಂದಲೇ ಹೊರಟಳು.
ತಗ್ಗಿದ ಆಳು, ಬಾಗಬೇಕಾಗಲಿಲ್ಲ.