ಯಾವ ಊರು

ಬೈರೂತಿನ ಗೇತಾವಿ ಓಣಿ, ಆರನೇ ಮಹಡಿ.
ಲಿಫ್ಟು ಇದೆ, ಕರೆಂಟಿಲ್ಲ.
ಇಪ್ಪತ್ಮೂರು ವರ್ಷ ಈ ಮೆಟ್ಟಿಲು ಹತ್ತಿ ಇಳಿದವಳು ನಾನು,
ಯುಮ್ನಾ.
ಜನರೇಟರಿನವನಿಗೆ ದುಡ್ಡು ಕಟ್ಟುವುದು ಇಲ್ಲಿ,
ನೀರಿನ ಟ್ಯಾಂಕರಿನವನ ಜೊತೆ ಜಗಳ ಇಲ್ಲಿ,
ಬಾಗಿಲ ಮುಂದಿನ ಗುಂಡಿಗೆ ಬಿದ್ದು ಮಂಡಿ ಒಡೆದದ್ದೂ ಇಲ್ಲೇ.
ವೋಟು ಮಾತ್ರ ಐನ್-ತೂತಿನಲ್ಲಿ.

ಮೂರು ಗಂಟೆ ದೂರದ ಗುಡ್ಡ. ಅಜ್ಜ
ಹೊಟ್ಟೆಪಾಡಿಗೆ ಬಿಟ್ಟು ಬಂದದ್ದು.
ಅವನು ಬಂದ, ದಫ್ತರ ಬರಲಿಲ್ಲ.
ಮದುವೆಯಾದರೆ ನನ್ನ ಹೆಸರು ಗಂಡನ ಊರಿಗೆ ಹೋಗುತ್ತದೆ,
ಅದನ್ನೂ ನಾನು ನೋಡಿರಲಾರೆ.

ರಬೀಹ್ ಹೋದ ವರ್ಷ ಅರ್ಜಿ ಕೊಟ್ಟು
ಧರ್ಮದ ಕಾಲಮ್ಮಿನ ಮೇಲೆ ಗೀಟು ಎಳೆಸಿಕೊಂಡ.
ಗುಮಾಸ್ತ ಕನ್ನಡಕ ತೆಗೆದು ಒರೆಸಿದನಂತೆ:
"ಆಯ್ತು ಮಗನೇ, ಸತ್ತರೆ ಎಲ್ಲಿ ಹೂಳೋಣ?"
ಎಲ್ಲರೂ ನಕ್ಕೆವು. ರಬೀಹನ ನಗು
ಸ್ವಲ್ಪ ಮೊದಲೇ ನಿಂತಿತು.

ಭಾನುವಾರದ ಬಸ್ಸು ಪಕ್ಷದ್ದು, ಟಿಕೆಟ್ಟಿಲ್ಲ.
ಸೀಟಿಗೊಂದು ಚೀಸು ರೊಟ್ಟಿ.
ಉಪ್ಪು ಹೆಚ್ಚೇ ಇತ್ತು. ತಿಂದೆ.

ಶಾಲೆಯ ಕೋಣೆಯಲ್ಲಿ ಏಜೆಂಟ್ ಫವಾಜ್ ಮಾವ
ಎಂದೂ ನೋಡಿರದ ನನ್ನ ಮುಖದಲ್ಲಿ
ಅಜ್ಜನ ಮೂಗು ಹುಡುಕಿ ತೆಗೆದು
"ನಮ್ಮ ಹುಡುಗಿ" ಅಂದ.
ನಮ್ಮ ಅನ್ನುವುದು ಎಷ್ಟು ಬೆಚ್ಚಗಿನ ಮಾತು,
ಅದರೊಳಗೇ ಕೂತುಬಿಡೋಣ ಅನಿಸಿತು, ಸುಳ್ಳೇಕೆ.

ಪರದೆಯ ಹಿಂದೆ ಐದು ಪಟ್ಟಿ. ಕೊನೆಯದು
ಯಾರ ಪೈಕಿಯೂ ಅಲ್ಲದವರದು:
ಒಬ್ಬ ನರ್ಸು, ಒಬ್ಬ ಮೇಷ್ಟರು, ಹೆಸರು ಕೇಳಿರದ ಇಬ್ಬರು.
ಗುರುತು ಹಾಕಿದೆ.
ಹೆಬ್ಬೆಟ್ಟು ಶಾಯಿಗೆ ಊರಿದೆ.
ಈ ಊರಲ್ಲಿ ನಾನು ಊರಿದ್ದು ಅಷ್ಟೇ.

ಸಂಜೆ ಎಣಿಕೆ. ಕಿಟಕಿಗೆ ಜೋತುಬಿದ್ದು ನೋಡಿದೆ.
ಚೀಟಿ ಎತ್ತಿ ಹಿಡಿದು ಕೂಗುತ್ತಾರೆ.
ಸಣ್ಣ ಪೆಟ್ಟಿಗೆ. ಯಾವ ಮನೆಯಿಂದ ಯಾವ ಪಟ್ಟಿಗೆ ಎಷ್ಟು,
ಫವಾಜ್ ಮಾವನ ಬೆರಳ ಗೆಣ್ಣುಗಳಲ್ಲೇ ಲೆಕ್ಕ.
ಕೊನೆಯ ಪಟ್ಟಿಗೆ ಒಂದು ಬಂತು.
ಇಡೀ ಕೋಣೆ ಕಿಟಕಿಯತ್ತ ತಿರುಗಿತು:
ಓ, ಬೈರೂತಿನವಳು.

ಇನ್ನೂ ನಲವತ್ತು ಚೀಟಿ ಹೋದವು. ಆಮೇಲೆ
ಇನ್ನೊಂದು. ಅದೇ ಪಟ್ಟಿ.

ಫವಾಜ್ ಮಾವ ಬೆರಳು ಮಡಚಿದ, ಬಿಡಿಸಿದ,
ಮತ್ತೆ ಮಡಚಿದ.
ಈಗ ಯಾರೂ ಯಾರನ್ನೂ ನೋಡಲಿಲ್ಲ.

ಹೊರಗೆ ಬಂದರೆ ಬಸ್ಸು ಹೊರಟುಹೋಗಿದೆ.
ಗುಡ್ಡದ ಮೇಲೆ ಚಳಿ. ಒಂದೊಂದೇ ದೀಪ ಹತ್ತುತ್ತಿದೆ,
ಇವರಿಗೂ ಜನರೇಟರೇ.
ರಾತ್ರಿ ಎಲ್ಲಾದರೂ ಮಲಗಬೇಕು.
ಹೆಬ್ಬೆಟ್ಟನ್ನು ಜೇಬಿನಲ್ಲಿಟ್ಟುಕೊಂಡು
ಬಾಗಿಲು ಬಾಗಿಲು ನೋಡುತ್ತ ನಡೆದೆ:

ಯಾವ ಮನೆ?